ನಲವತ್ತೆಂಟು ಪಿಸ್ಟನ್ನುಗಳ ಲೆಕ್ಕ

ಹೋದ ವರ್ಷದ ಹಿಂದಿನ ರಾಜ್ಯೋತ್ಸವದ ದಿನ. ನಮ್ಮ ಸಂಘದ ಊಟದ ಪಂಕ್ತಿ ಎದ್ದಿತ್ತು. ನಾನು ಮೂಲೆಯ ಮೇಜಿನ ಬಳಿ ಕುಳಿತು ಚಂದಾ ಪುಸ್ತಕ ಬರೆಯುತ್ತಿದ್ದೆ. ಓಝರಿನ ರಾಯರು ಬಂದು ಕಾಗದದ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟರು. ಪೊಟ್ಟಣದ ಗಾತ್ರವನ್ನೂ ಅದರ ಮೇಲಿನ ಎಣ್ಣೆಯ ಕಲೆಯನ್ನೂ ನೋಡಿ, ಮೈಸೂರುಪಾಕೇ ಇರಬೇಕೆಂದು ನಮ್ಮ ಖಜಾಂಚಿಗಳು ಅವಸರದಿಂದ ಬಿಚ್ಚಿದರು. ಒಳಗೆ ನೀರು ಕುಡಿಯುವ ಲೋಟದಷ್ಟು ದಪ್ಪದ ಒಂದು ಲೋಹದ ತುಂಡು. ನೆತ್ತಿ ಮಸಿಯಾಗಿತ್ತು, ಪಕ್ಕದಲ್ಲಿ ಕೂದಲೆಳೆಯ ಬಿರುಕು.

“ಇದು ನನ್ನ ಕಾರಿನ ಪಿಸ್ಟನ್ನು ಕಣಯ್ಯಾ,” ಎಂದರು ರಾಯರು. “ಇಂಥವು ನಾಲ್ಕು ಬೇಕು. ಯಾವ ಅಂಗಡಿಯಲ್ಲೂ ಇಲ್ಲ. ಎರಕ ಹೊಯ್ದು ಮಾಡಿಕೊಡುವವನು ಒಬ್ಬ ಸಿಕ್ಕಿದ್ದಾನೆ. ಹನ್ನೆರಡು ಸೆಟ್ಟಿಗಿಂತ ಕಡಿಮೆಯಾದರೆ ಕೈ ಹಾಕುವುದಿಲ್ಲ ಅನ್ನುತ್ತಾನೆ. ಉಳಿದ ಹನ್ನೊಂದು ಜನರನ್ನು ಕೂಡಿಸುವ ಕೆಲಸ ನಿನ್ನದು.”

ವಾಚಕರು ನಗಬಾರದು. ನಾನು ಸರ್ಕಾರಿ ಕಚೇರಿಯೊಂದರ ಗುಮಾಸ್ತ. ಹುಟ್ಟಿದ್ದು ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ, ಓದಿದ್ದು ಅಲ್ಲಿಯ ಕನ್ನಡ ಶಾಲೆಯಲ್ಲಿ, ಬಿ.ಎ. ಮಾಡಿದ್ದು ಸೊಲ್ಲಾಪುರದಲ್ಲಿ. ಸೈಕಲ್ಲಿನ ಚೈನು ಕಳಚಿದರೆ ಹಾಕಲು ನನಗೆ ಬಾರದು. ಇದನ್ನು ಹೇಳಿದೆ. ರಾಯರು ತಲೆಯಾಡಿಸಿದರು. “ಇಂಜಿನು ಬಲ್ಲವರು ಬೇಕಾದಷ್ಟು ಜನ ಇದ್ದೇವೆ. ಹನ್ನೆರಡು ಜನರ ಹಣಕ್ಕೆ ಲೆಕ್ಕ ಇಡಬಲ್ಲವನು ಬೇಕು. ಅದಕ್ಕೇ ನಿನ್ನ ಹತ್ತಿರ ಬಂದದ್ದು.”

ರಾಯರಿಗೆ ಈಗ ಎಂಬತ್ತು ವರ್ಷ. ಬೆಂಗಳೂರಿನಿಂದ ಓಝರಿಗೆ ಬಂದಾಗ ಇಪ್ಪತ್ತೆರಡರ ಹುಡುಗ. ಓಝರಿನಲ್ಲಿ ಮಿಗ್ ವಿಮಾನ ಕಟ್ಟುವ ಹಿಂದುಸ್ತಾನ್ ಏರೋನಾಟಿಕ್ಸಿನ ವಿಭಾಗ 1964ರಲ್ಲಿ ಹುಟ್ಟಿತಷ್ಟೆ. ಬೆಂಗಳೂರಿನ ಕಾರ್ಖಾನೆಯಲ್ಲಿ ಕೈ ಪಳಗಿದವರು ಇಲ್ಲಿಗೆ ಬಂದು ನೆಲೆಸಿದರು. ನಾಸಿಕದ ಕನ್ನಡ ಮನೆಗಳಲ್ಲಿ ಅಂಥವು ಎಷ್ಟೋ. ರಾಯರು ಫೋರ್‌ಮನ್ ಆಗಿ ನಿವೃತ್ತರಾದರು. ಅವರ ಕಾರು 1953ರ ಹಿಂದೂಸ್ತಾನ್ ಫೋರ್ಟೀನ್. ಕೊಂಡದ್ದು ಎರಡನೆಯ ಕೈಯಲ್ಲಿ. ಮಕ್ಕಳ ಮುಂಜಿ, ಮದುವೆ, ಮಡದಿಯ ಕೊನೆಯ ಆಸ್ಪತ್ರೆಯ ಓಡಾಟ, ಎಲ್ಲಕ್ಕೂ ಅದೇ ಕಾರು. ಈಗ ಇಂಜಿನು ಹೊಗೆಯುಗುಳಿ ನಿಂತಿತ್ತು. ಗ್ಯಾರೇಜಿನವರು, “ಇದನ್ನು ತೆಗೆದು ಡೀಸೆಲ್ ಇಂಜಿನು ಕೂರಿಸಿಬಿಡೋಣ, ಕಾಕಾ” ಎಂದಿದ್ದರಂತೆ.

ಅದಕ್ಕೆ ರಾಯರು ಒಪ್ಪದಿದ್ದುದು ಬರಿಯ ಹಟದಿಂದಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆಂದೇ ನೋಂದಣಿಯ ನಿಯಮ ಮಾಡಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ಗಾಡಿಗೆ ವಿಂಟೇಜ್ ಎಂಬ ಮಾನ್ಯತೆ ಉಂಟು. ನಂಬರಿನ ಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಹತ್ತು ವರ್ಷಗಳ ಮಾತು. ಆದರೆ ಚಾಸಿ, ಮೈಕಟ್ಟು, ಇಂಜಿನು ಇವುಗಳನ್ನು ಮಾರ್ಪಡಿಸಿದ್ದರೆ ಆ ಮಾನ್ಯತೆ ಇಲ್ಲ. ಡೀಸೆಲ್ ಇಂಜಿನು ಕೂರಿಸಿದ ದಿನವೇ ರಾಯರ ಕಾರು ಬರಿಯ ಹಳೆಯ ಗುಜರಿಯಾದಂತೆ. ನಾಲ್ಕು ಪಿಸ್ಟನ್ನು ಸಿಕ್ಕರೆ ಅದು ಅದೇ ಕಾರಾಗಿ ಉಳಿಯುತ್ತದೆ.

ಇಂಜಿನಿನ ವಿಷಯ ತಿಳಿಯದ ನನ್ನಂಥವರಿಗಾಗಿ ಒಂದೆರಡು ಮಾತು. ಪೆಟ್ರೋಲು ಸಿಲಿಂಡರಿನೊಳಗೆ ಸಿಡಿದಾಗ ಆ ಒತ್ತಡಕ್ಕೆ ಎದೆಯೊಡ್ಡಿ ಕೆಳಗೆ ಜಾರುವ ಮುಚ್ಚಳವೇ ಪಿಸ್ಟನ್ನು. ಅದು ಸಿಲಿಂಡರಿನ ಗೋಡೆಗೆ ಒರಸಿ ಒರಸಿ, ವರ್ಷಗಳ ಮೇಲೆ ಆ ಕೊಳವೆ ಅಗಲವಾಗುತ್ತದೆ. ಆಗ ಕೊಳವೆಯನ್ನು ಕೊರೆದು ಸಮಗೊಳಿಸಿ, ತುಸು ದಪ್ಪನೆಯ ಪಿಸ್ಟನ್ನು ಹಾಕುತ್ತಾರೆ. ಇಂಗ್ಲಿಷ್ ಕಾರುಗಳಲ್ಲಿ ಈ ದಪ್ಪದ ಲೆಕ್ಕ ಅಂಗುಲದ ಸಾವಿರದಲ್ಲೊಂದು ಪಾಲಿನಲ್ಲಿ. ಮಿಸ್ತ್ರಿಗಳ ಬಾಯಲ್ಲಿ ಅದು ‘ಥೌ’. ಇಪ್ಪತ್ತು ಥೌ, ನಲವತ್ತು, ಅರವತ್ತು, ಹೀಗೆ. ಅರವತ್ತು ಎಂದರೆ ಸುಮಾರು ಒಂದೂವರೆ ಮಿಲಿಮೀಟರು. ಅದಕ್ಕೂ ಮೀರಿದರೆ ಕೊಳವೆಯೊಳಗೆ ಇನ್ನೊಂದು ಕೊಳವೆ ತೂರಿಸಿ ಮೊದಲಿನ ಅಳತೆಗೆ ತರಬೇಕು.

ನೋಡಲು ದುಂಡಗಿರುವ ಪಿಸ್ಟನ್ನು ನಿಜಕ್ಕೂ ದುಂಡಗಿಲ್ಲ! ಇದನ್ನು ಕೇಳಿ ನನಗೆ ಆಶ್ಚರ್ಯವಾಯಿತು. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುವುದು ಬೀಡುಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಆದ್ದರಿಂದ ತಣ್ಣಗಿದ್ದಾಗ ಅದನ್ನು ಒಂದು ಕೂದಲಷ್ಟು ಅಂಡಾಕಾರವಾಗಿ, ನೆತ್ತಿಯ ಕಡೆ ಸ್ವಲ್ಪ ಸಣ್ಣದಾಗಿ ಕಡೆದಿರುತ್ತಾರೆ. ಬಿಸಿಯೇರಿದ ಮೇಲೆ ಅದು ದುಂಡಗಾಗುತ್ತದೆ. ಹಿಗ್ಗುವುದನ್ನು ತಗ್ಗಿಸಲೆಂದೇ ಲೋಹಕ್ಕೆ ನೂರಕ್ಕೆ ಹನ್ನೆರಡರಷ್ಟು ಸಿಲಿಕಾನ್ ಬೆರೆಸುವುದುಂಟು. ಇಷ್ಟೆಲ್ಲ ಇರುವುದರಿಂದ ಇದು ಬೀದಿಯ ಲೇತಿನವನು ಒಂದು ಮಧ್ಯಾಹ್ನ ಕಡೆದುಕೊಡುವ ವಸ್ತುವಲ್ಲ. ಗಟ್ಟಿ ದಿಮ್ಮಿಯಿಂದ ಯಂತ್ರದಲ್ಲಿ ಕಡೆಸಿದರೆ ಅಚ್ಚು ಬೇಡ, ಆದರೆ ಒಂದೊಂದರ ಬೆಲೆಯೂ ಏರುತ್ತದೆ. ಎರಕ ಹೊಯ್ದರೆ ಅಗ್ಗ, ಆದರೆ ಮೊದಲು ಅಚ್ಚು ಮಾಡಿಸಬೇಕು. ಅಚ್ಚಿನ ಖರ್ಚು ಒಬ್ಬನ ತಲೆಯ ಮೇಲೆ ಬಿದ್ದರೆ ಅವನು ಏಳಲಾರ. ಕೂಡಿ ಕೊಳ್ಳುವುದರ ಗುಟ್ಟೆಲ್ಲ ಅಲ್ಲಿದೆ.

ರಾಯರ ಕಾರಿನದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಬಂದ 1476 ಸಿ.ಸಿ.ಯ ಇಂಜಿನು. ಕೊಳವೆಯ ವ್ಯಾಸ 73.5 ಮಿ.ಮೀ. ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿ ನಿಂತಿರುವುದರಿಂದ ಇದಕ್ಕೆ ಸೈಡ್ ವಾಲ್ವ್ ಎಂದು ಹೆಸರು. ಬಿರ್ಲಾ ಅವರ ಹಿಂದೂಸ್ತಾನ್ ಮೋಟಾರ್ಸ್ ಇದನ್ನು 1949ರಿಂದ ಫೋರ್ಟೀನ್ ಕಾರಿಗೂ, 1954ರಲ್ಲಿ ಬಂದ ಲ್ಯಾಂಡ್‌ಮಾಸ್ಟರಿಗೂ, ಮೊತ್ತಮೊದಲ ಅಂಬಾಸಿಡರುಗಳಿಗೂ ಹಾಕಿತು. 1959ರ ಹೊತ್ತಿಗೆ ಅಂಬಾಸಿಡರಿಗೆ ವಾಲ್ವುಗಳು ತಲೆಯ ಮೇಲಿರುವ 1489 ಸಿ.ಸಿ.ಯ ಇಂಜಿನು ಬಂದಿತು. ಆ ಇಂಜಿನು ದಶಕಗಟ್ಟಲೆ ನಡೆಯಿತು, ಅದರ ಸಾಮಾನು ಇಂದಿಗೂ ಸಿಗುತ್ತದೆ. ಹಳೆಯದು ಹತ್ತೇ ವರ್ಷ ಬಾಳಿ ಅನಾಥವಾಯಿತು.

ಇಲ್ಲಿ ಒಂದು ಹಳೆಯ ಕಥೆ ನೆನಪಾಗುತ್ತದೆ. ಇತಿಹಾಸ ಓದಿದ ಚಟ. ಸರ್ ಎಂ. ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಸರ್ಕಾರದ ಸಹಾಯಕ ಇಂಜಿನಿಯರಾಗಿ ಕೆಲಸಕ್ಕೆ ಸೇರಿ ಮೊದಲು ಬಂದದ್ದು ನಮ್ಮ ಈ ನಾಸಿಕಕ್ಕೆ. ಮುಂದೆ ಇಳಿವಯಸ್ಸಿನಲ್ಲಿ ಅವರು ಯುರೋಪು, ಅಮೆರಿಕಗಳನ್ನು ಸುತ್ತಿ, ಭಾರತದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು ಯೋಜನೆ ಹಾಕಿದರು. ವಾಲ್‌ಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡರು. ಅಂದಿನ ಬ್ರಿಟಿಷ್ ಸರ್ಕಾರದ ನೆರವು ಒದಗಲಿಲ್ಲ. ವಾಲ್‌ಚಂದರು 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ತೆಗೆದರು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿ ಮುಂಬಯಿಯ ಕುರ್ಲಾದಲ್ಲಿ ಕಾರಿನ ಕೆಲಸ ನಡೆಸಿದರು. ಆ ವಿಮಾನದ ಕಾರ್ಖಾನೆಯೇ ಮುಂದೆ ರಾಯರನ್ನು ಓಝರಿಗೆ ಕಳಿಸಿದ್ದು. ಇದನ್ನು ರಾಯರಿಗೆ ಹೇಳಿದರೆ ಅವರು, “ಅದಿರಲಿ, ಹನ್ನೊಂದು ಜನ ಎಲ್ಲಿ?” ಎಂದರು.

ಹನ್ನೊಂದು ಜನ ಸಿಕ್ಕದ್ದು ಸಂಭಾಜಿನಗರದ ಮಿಸ್ತ್ರಿಯವರಿಂದ. 2023ರವರೆಗೆ ಔರಂಗಾಬಾದ್ ಎಂದಿದ್ದ ಊರು ಈಗ ಛತ್ರಪತಿ ಸಂಭಾಜಿನಗರ. 1956ಕ್ಕೆ ಮುಂಚೆ ಆ ಊರೂ ಬೀದರವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ರಾಜ್ಯ ಒಡೆಯಿತು, ಸಂಬಂಧ ಒಡೆಯಲಿಲ್ಲ. ಮಿಸ್ತ್ರಿಯವರ ತಂದೆ ಬೀದರ ಕಡೆಯಿಂದ ಹೋಗಿ ಅಲ್ಲಿ ಇಂಜಿನು ರಿಪೇರಿಯ ಅಂಗಡಿ ಇಟ್ಟವರು. ಮಗನ ಅಂಗಡಿ ಈಗ ಚಿಕಲಠಾಣದ ದಾರಿಯಲ್ಲಿದೆ. 1985ರಲ್ಲಿ ವಾಳೂಜಿನಲ್ಲಿ ಬಜಾಜ್ ಕಾರ್ಖಾನೆ ಬಂದ ಮೇಲೆ ಆ ಊರಿನಲ್ಲಿ ಸೂಕ್ಷ್ಮ ಅಳತೆಯ ಕೆಲಸ ಬಲ್ಲವರು ಬೆಳೆದರು; ಇವರಲ್ಲಿಯೂ ಕೊಳವೆಯ ಒಳ ಅಳತೆ ನೋಡುವ ಒಳ್ಳೆಯ ಗೇಜು ಇದೆ. ಹಳೆಯ ಕಾರಿನವರು ದೂರದೂರದಿಂದ ಅವರ ಬಳಿಗೆ ಬರುತ್ತಾರೆ.

ನಾನು ತಪೋವನ ಎಕ್ಸ್‌ಪ್ರೆಸ್ಸಿನಲ್ಲಿ ಮನಮಾಡದ ಮೇಲಿಂದ ಹೋಗಿ ಅವರನ್ನು ಕಂಡೆ. ರಾಯರ ಬಿರುಕುಬಿಟ್ಟ ಪಿಸ್ಟನ್ನು ಕೈಚೀಲದಲ್ಲಿತ್ತು. ಅದನ್ನು ಅವರಲ್ಲೇ ಬಿಟ್ಟು ಬಂದೆ. ಮಿಸ್ತ್ರಿಯವರು ತಮ್ಮ ಹಳೆಯ ಡೈರಿ ತಿರುವಿ ಹೆಸರುಗಳನ್ನು ಕೊಟ್ಟರು. ಸಂಕ್ರಾಂತಿಯ ಹೊತ್ತಿಗೆ ಪಟ್ಟಿ ತುಂಬಿತು: ನಾಸಿಕದ ಮೂವರು, ಸಂಭಾಜಿನಗರದ ಇಬ್ಬರು, ಪುಣೆಯ ಇಬ್ಬರು, ಕೊಲ್ಲಾಪುರ, ಸೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ, ಮೈಸೂರುಗಳಿಂದ ಒಬ್ಬೊಬ್ಬರು. ಕನ್ನಡಿಗರು ಐವರು, ಉಳಿದವರು ಮರಾಠಿಗರು.

ಮಿಸ್ತ್ರಿಯವರು ಎಲ್ಲರಿಗೂ ಹೇಳಿ ಕಳಿಸಿದ ಮೊದಲ ಮಾತು ಇದು: “ಯಾರೂ ಈಗ ಬೋರಿಂಗ್ ಮಾಡಿಸಬ್ಯಾಡ್ರಿ. ಮೊದಲ ಪಿಸ್ಟನ್ ಕೈಗಿ ಬರ್ಲಿ. ಅದನ್ನ ಅಳದು, ಅದಕ್ಕ ತಕ್ಕಂಗ ಕೊರಿಸ್ರಿ.” ಅಂಗಿ ಹೊಲಿಸಿ ಆಮೇಲೆ ಮೈ ಬೆಳೆಸುವ ಈ ಕ್ರಮ ನನಗೆ ವಿಚಿತ್ರವಾಗಿ ಕಂಡಿತು. ಆದರೆ ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡುವ ಜಾಗ ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಪಿಸ್ಟನ್ನು ಒಂದು ಎಳೆ ಹೆಚ್ಚುಕಡಿಮೆ ಬಂದರೂ ಕೊರೆತದಲ್ಲಿ ಸರಿಪಡಿಸಬಹುದು. ಕೊರೆದುಬಿಟ್ಟ ಕಬ್ಬಿಣವನ್ನು ತಿರುಗಿ ಅಂಟಿಸಲಾಗದು. ಪುಣೆಯ ಒಬ್ಬರು ಆಗಲೇ ಕೊರೆಸಿ ಕುಳಿತಿದ್ದರು. ಅವರಿಗೆ ಬೇರೆ ಅಳತೆ ಬರೆದುಕೊಳ್ಳಬೇಕಾಯಿತು. ಅಚ್ಚು ಎಲ್ಲರಿಗೂ ಒಂದೇ. ಕೊನೆಯಲ್ಲಿ ಕಡೆಯುವಾಗ ಒಬ್ಬರಿಗೆ ನಲವತ್ತು, ಒಬ್ಬರಿಗೆ ಅರವತ್ತು ಎಂದು ಬೇರೆ ಬೇರೆ ಮಾಡಬಹುದು.

ಇನ್ನೊಂದು ಜಾಣತನವನ್ನೂ ಮಿಸ್ತ್ರಿಯವರೇ ಹೇಳಿಕೊಟ್ಟರು. ಪಿಸ್ಟನ್ನಿನ ಸುತ್ತಲಿನ ಗಾಡಿಗಳಲ್ಲಿ ರಿಂಗುಗಳು ಕೂರುತ್ತವಷ್ಟೆ. ಹಳೆಯ ಅಳತೆಯ ಗಾಡಿಯನ್ನೇ ಕಡೆಸಿದರೆ ನಾಳೆ ರಿಂಗಿಗಾಗಿ ಮತ್ತೆ ಅಲೆಯಬೇಕು. ಆದ್ದರಿಂದ ಪೇಟೆಯಲ್ಲಿ ಈಗ ಸಿಗುವ ರಿಂಗಿನ ಅಗಲಕ್ಕೇ ಗಾಡಿ ಕಡೆಸಬೇಕು. ಹಳೆಯ ಕಾರಿನ ಭಕ್ತರಲ್ಲಿ ಒಬ್ಬರು ಇದು ಅಪಚಾರವೆಂದು ಗೊಣಗಿದರು. ನನ್ನ ಮಟ್ಟಿಗೆ, ಓಡುವ ಅಪಚಾರವೇ ನಿಂತ ಭಕ್ತಿಗಿಂತ ವಾಸಿ.

ಇನ್ನು ಹಣ. ಕೊಲ್ಲಾಪುರದ ಕಡೆಯ ಒಂದು ಸಣ್ಣ ಎರಕದ ಕಾರ್ಖಾನೆ ಹೇಳಿದ ದರ ಹೀಗಿತ್ತು: ಅಚ್ಚಿಗೆ 72,000 ರೂಪಾಯಿ, ಒಂದು ಸೆಟ್ಟಿಗೆ, ಎಂದರೆ ಪಿನ್ನುಗಳ ಸಹಿತ ನಾಲ್ಕು ಪಿಸ್ಟನ್ನಿಗೆ, ತೆರಿಗೆ ಸೇರಿ 11,000. ಹನ್ನೆರಡು ಜನರಾದರೆ ಅಚ್ಚಿನ ಪಾಲು ತಲಾ 6,000, ಒಟ್ಟು 17,000. ಒಂಬತ್ತು ಜನರಾದರೆ ಪಾಲು 8,000. ಆರೇ ಜನರಾದರೆ 12,000. ನಡುವೆ ಒಬ್ಬ ಕೈಬಿಟ್ಟರೆ ಅವನ ಪಾಲು ಉಳಿದವರ ಹೆಗಲಿಗೆ. ಎರಡು ಲಕ್ಷದ ನಾಲ್ಕು ಸಾವಿರ ರೂಪಾಯಿಯ ಈ ವ್ಯವಹಾರದಲ್ಲಿ ಒಬ್ಬರ ಮುಖ ಒಬ್ಬರು ಕಂಡವರೇ ಕಡಿಮೆ.

ಸರ್ಕಾರಿ ನೌಕರ ವ್ಯಾಪಾರ ಮಾಡಕೂಡದು. ಅನುಮತಿಯಿಲ್ಲದೆ ಜನರಿಂದ ಹಣ ಎತ್ತಲೂ ಕೂಡದು. ನಡತೆಯ ನಿಯಮಗಳನ್ನು ನಾನೇ ಕಚೇರಿಯಲ್ಲಿ ಹೊಸಬರಿಗೆ ಓದಿಹೇಳುವವನು. ಆದ್ದರಿಂದ ಬ್ಯಾಂಕಿನ ಖಾತೆ ನನ್ನ ಹೆಸರಿನಲ್ಲಿ ಬೇಡವೆಂದೆ. ರಾಯರು ಮತ್ತು ಸಂಭಾಜಿನಗರದ ಒಬ್ಬ ಸದಸ್ಯರ ಜಂಟಿ ಹೆಸರಿನಲ್ಲಿ ಖಾತೆ ತೆರೆದರು. ಇಬ್ಬರ ಸಹಿ ಇಲ್ಲದೆ ಒಂದು ಕಾಸೂ ಹೊರಬರದು. ನನ್ನದು ಬರಿಯ ಬರೆಯುವ ಕೆಲಸ, ಸಂಬಳವಿಲ್ಲದ್ದು. ಮೇಲಧಿಕಾರಿಗಳಿಗೂ ಒಂದು ಅರ್ಜಿ ಕೊಟ್ಟೆ. ಅವರು ಎರಡು ಸಲ ಓದಿ, “ಪಿಸ್ಟನ್?” ಎಂದು ಕೇಳಿ ಸಹಿ ಹಾಕಿದರು.

ಮನೆಯಲ್ಲಿ ಅಷ್ಟು ಸುಲಭವಾಗಲಿಲ್ಲ. “ಅಲ್ರೀ, ನಮ್ಮ ಮನ್ಯಾಗ ಒಂದು ಸ್ಕೂಟರ್ ಸುದ್ದಾ ಇಲ್ಲ. ಮಂದಿ ಕಾರಿನ ರೊಕ್ಕದ ಉಸಾಬರಿ ನಿಮಗ್ಯಾಕ?” ಎಂದಳು ನನ್ನ ಹೆಂಡತಿ. “ನಾಳೆ ಏನರೆ ಹೆಚ್ಚುಕಮ್ಮಿ ಆದರ ಯಾರ ಹೆಸರು ಹೇಳ್ತಾರ? ಖಾತೆ ಯಾರದರೆ ಇರ್ಲಿ, ಅಕ್ಷರ ನಿಮ್ಮವು.”

ಅವಳ ಮಾತು ಎರಡು ತಿಂಗಳಲ್ಲಿ ನಿಜವಾಗುವುದರಲ್ಲಿತ್ತು.

ಅಚ್ಚು ಮಾಡುವವರಿಗೆ ಮಾದರಿಯಾಗಿ ಒಂದು ಒಳ್ಳೆಯ ಪಿಸ್ಟನ್ನು ಬೇಕು. ರಾಯರದು ಬಿರುಕು ಬಿಟ್ಟದ್ದು. ನಾಸಿಕದ ಸದಸ್ಯರಲ್ಲಿ ಪಂಚವಟಿಯ ಸದ್ಗೃಹಸ್ಥರೊಬ್ಬರಿದ್ದರು. ಅವರದು 1958ರ ಅಂಬಾಸಿಡರು. ಹಿಂದೆ ಇಂಜಿನು ಬಿಚ್ಚಿಸಿದಾಗ ತೆಗೆದ ಪಿಸ್ಟನ್ನೊಂದನ್ನು ಅವರು ಬೋರಲು ಹಾಕಿ, ಹೊಳಪು ಕೊಡಿಸಿ, ದಿವಾನಖಾನೆಯ ಮೇಜಿನ ಮೇಲೆ ಸಿಗರೇಟಿನ ಬೂದಿ ಕೊಡವಲು ಇಟ್ಟುಕೊಂಡಿದ್ದರು. ಅದನ್ನು ತೊಳೆದು ಕೊಟ್ಟರು. ರಾಯರು ಮೈಕ್ರೊಮೀಟರು ಹಿಡಿದು ಅಳೆದರು: 73.48 ಮಿ.ಮೀ. ರಾಯರ ಮುಖ ಅರಳಿತು. 73.5ರ ಕೊಳವೆಗೆ ಹೇಳಿಮಾಡಿಸಿದ ಅಳತೆ. ಅಂದರೆ ಎಂದೂ ಕೊರೆಸದ ಇಂಜಿನಿನ ಮೂಲ ಪಿಸ್ಟನ್ನು!

ಆ ಸಂತೋಷದಲ್ಲಿ ನಾನು ರಾಯರಿಗೆ ಒಂದು ಕಥೆ ಹೇಳಿದೆ. 1913ರಲ್ಲಿ ಡಬ್ಲ್ಯು. ಓ. ಬೆಂಟ್ಲಿ ಎಂಬ ಇಂಗ್ಲಿಷ್ ತರುಣ ಫ್ರಾನ್ಸಿನ ಡಿ.ಎಫ್.ಪಿ. ಕಾರಿನ ಕಾರ್ಖಾನೆಗೆ ಹೋದಾಗ, ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಪಿಸ್ಟನ್ನಿನ ಆಕಾರದ ಅಲ್ಯೂಮಿನಿಯಂ ಗೊಂಬೆಯೊಂದನ್ನು ಕಂಡನು. ಆಗೆಲ್ಲ ಪಿಸ್ಟನ್ನು ಕಬ್ಬಿಣದ್ದು. ನಿಜವಾದ ಪಿಸ್ಟನ್ನನ್ನೇ ಇದರಲ್ಲಿ ಮಾಡಿದರೇನು ಎಂದು ಅವನಿಗೆ ಹೊಳೆಯಿತು. 88 ಪಾಲು ಅಲ್ಯೂಮಿನಿಯಂ, 12 ಪಾಲು ತಾಮ್ರ ಬೆರೆಸಿ ಮಾಡಿಸಿದನು. ಕಾರಿನ ವೇಗ ಏರಿತು. ಮೇಜಿನ ಅಲಂಕಾರದಿಂದ ಅವನಿಗೆ ಅದೃಷ್ಟ ಒದಗಿತು, ನಮಗೂ ಒದಗಿದೆ ಎಂದೆ.

ಅಳತೆಗಳನ್ನೆಲ್ಲ ನಾನು ನನ್ನ ದುಂಡಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆದೆ: ವ್ಯಾಸ, ಪಿನ್ನಿನ ತೂತು, ಪಿನ್ನಿನ ನಡುವಿನಿಂದ ನೆತ್ತಿಯವರೆಗಿನ ಎತ್ತರ, ರಿಂಗಿನ ಗಾಡಿಗಳು. ಸಂಭಾಜಿನಗರಕ್ಕೆ ಕಳಿಸಿ ಮಿಸ್ತ್ರಿಯವರಿಗೆ ತೋರಿಸಿ, ರಾಯರ ಬಿರುಕು ಪಿಸ್ಟನ್ನಿನೊಡನೆ ತಾಳೆ ನೋಡಿಸಿ, ಆಮೇಲೆ ಕಾರ್ಖಾನೆಗೆ ಕಳಿಸಬೇಕೆಂದು ನಾನೇ ಮಾಡಿದ ನಿಯಮ. ಕಾರ್ಖಾನೆಯವರು ಅವಸರ ಮಾಡುತ್ತಿದ್ದರು. ಯುಗಾದಿಯ ರಜೆ ಬರುವುದರಲ್ಲಿತ್ತು. ಕಚೇರಿಯಲ್ಲಿ ಒಂದು ಡಜನ್ ಪೆನ್ಸಿಲಿಗೆ ಮೂರು ಸಹಿ ಕೇಳುವ ನಾನು, ಹಾಳೆಯನ್ನು ಎರಡೂ ಕಡೆಗೆ ಒಂದೇ ದಿನ ಕಳಿಸಿಬಿಟ್ಟೆ. ಮುಂಗಡ 1,02,000 ರೂಪಾಯಿ ಅದೇ ವಾರ ಹೋಯಿತು.

ಶನಿವಾರ ಸಂಜೆ ಮಿಸ್ತ್ರಿಯವರ ಫೋನು ಬಂತು.

“ಸಾಹೇಬ್ರ, ಈ ಹಾಳಿ ಮ್ಯಾಲಿನ ಪಿನ್ನಿನ ಜಾಗ ರಾಯರ ಪಿಸ್ಟನ್ನಿಗಿ ಕೂಡವಲ್ದು. ಇದು ಯಾರ ಗಾಡೀದ್ರಿ?”

ಹೇಳಿದೆ.

“ಅವರ ಮನಿಗಿ ಹೋಗಿ ಬಾನೆಟ್ ತೆಗಸ್ರಿ. ಪ್ಲಗ್ ನೆತ್ತಿ ಮ್ಯಾಲ ಅವೇನ್ರಿ, ಬಾಜೂಕ ಅವೇನ್ರಿ? ಒಂದ್ ಫೋಟೋ ಹೊಡದು ಕಳಸ್ರಿ. ಈಗೇ ಹೋಗ್ರಿ.”

ರಿಕ್ಷಾ ಹಿಡಿದು ಪಂಚವಟಿಗೆ ಓಡಿದೆ. ಬಾನೆಟ್ಟು ಎತ್ತಿಸಿ ಟಾರ್ಚು ಬಿಟ್ಟು ನೋಡಿದರೆ ಪ್ಲಗ್ಗುಗಳು ಪಕ್ಕದಲ್ಲಿದ್ದವು. ಸೈಡ್ ವಾಲ್ವ್ ಇಂಜಿನಿನಲ್ಲಿ ತಲೆ ಚಪ್ಪಟೆ ಹಲಗೆಯಂತಿದ್ದು, ಪ್ಲಗ್ಗುಗಳು ಅದರ ಮೇಲೆ ನೆಟ್ಟಗೆ ನಿಂತಿರುತ್ತವೆ. ಕಾರೇನೋ 1958ರದು, ಅದರ ಹೊಟ್ಟೆಯಲ್ಲಿದ್ದದ್ದು ಮುಂದಿನ ಕಾಲದ 1489 ಸಿ.ಸಿ.ಯ ಇಂಜಿನು! ಇವರಿಗಿಂತ ಹಿಂದಿನ ಯಾವ ಮಾಲೀಕರು ಯಾವಾಗ ಬದಲಾಯಿಸಿದ್ದರೋ. ಇಪ್ಪತ್ತು ವರ್ಷದಿಂದ ಇವರಿಗೂ ಗೊತ್ತಿಲ್ಲ.

ಅಳತೆ ಹೇಗೆ ಮೋಸ ಮಾಡಿತೆಂಬುದನ್ನು ರಾಯರು ಅಂದು ರಾತ್ರಿಯೇ ಲೆಕ್ಕ ಹಾಕಿ ತೋರಿಸಿದರು. 1489ರ ಇಂಜಿನಿನ ಕೊಳವೆ 73.025 ಮಿ.ಮೀ. ಅದನ್ನು ಒಮ್ಮೆ ಇಪ್ಪತ್ತು ಥೌ ಕೊರೆಸಿದರೆ, ಎಂದರೆ ಸುಮಾರು 0.508 ಸೇರಿಸಿದರೆ, 73.533 ಆಗುತ್ತದೆ. ನಮ್ಮ ಹಳೆಯ ಇಂಜಿನಿನ ಮೂಲ ಅಳತೆ 73.5. ವ್ಯತ್ಯಾಸ ಒಂದು ಕೂದಲಿಗಿಂತ ಕಡಿಮೆ. ಕೊರೆಸಿದ ಹೊಸದು, ಕೊರೆಸದ ಹಳೆಯದರ ವೇಷ ಹಾಕಿ ಬಂದಿತ್ತು. “ನಲವತ್ತು ವರ್ಷ ವಿಮಾನದ ಭಾಗ ಅಳೆದವನು ನಾನು. ಆ ಕಾರಿನ ಬಾನೆಟ್ಟು ಎತ್ತಿಸಿ ನೋಡಬೇಕು ಅಂತ ತೋಚಲಿಲ್ಲವಲ್ಲಯ್ಯಾ,” ಎಂದು ರಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ. ತಪ್ಪು ನನ್ನದು, ತಾಳೆ ನೋಡುವ ಮುಂಚೆ ಹಾಳೆ ಕಳಿಸಿದವನು ನಾನು ಎಂದರೆ ಕೇಳಲೇ ಇಲ್ಲ.

ಸೋಮವಾರ ಬೆಳಿಗ್ಗೆ ಅಚ್ಚಿನ ಕೆಲಸ ಶುರುವಾಗುವುದಿತ್ತು. ಭಾನುವಾರವಿಡೀ ಕಾರ್ಖಾನೆಯ ಯಜಮಾನರ ಫೋನು ಎತ್ತಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ತಪ್ಪು ಅಳತೆಯ ಅಚ್ಚು, ಪೇಟೆಯಲ್ಲಿ ಸಲೀಸಾಗಿ ಸಿಗುವ ಪಿಸ್ಟನ್ನನ್ನೇ ದುಬಾರಿಗೆ ಮಾಡಿಸಿದ ನಲವತ್ತೆಂಟು ತುಂಡುಗಳು, ಹನ್ನೆರಡು ಮನೆಗಳು, ಎಲ್ಲರ ಕೈಯಲ್ಲೂ ನನ್ನ ಅಕ್ಷರದ ರಸೀದಿ. ಹೆಂಡತಿ ಏನೂ ಅನ್ನಲಿಲ್ಲ. ಎರಡು ಗಂಟೆಯ ಹೊತ್ತಿಗೆ ಎದ್ದು ಚಹಾ ಮಾಡಿಕೊಟ್ಟಳು.

ಸೋಮವಾರ ಏಳೂವರೆಗೆ ಯಜಮಾನರು ಸಿಕ್ಕರು. ಲೋಹ ತಂದಾಗಿತ್ತು, ಯಂತ್ರಕ್ಕೆ ಏರಿಸಿರಲಿಲ್ಲ. “ಹದಿನೈದು ದಿನ ಕಾಯುತ್ತೇನೆ, ಸರಿಯಾದ ಮಾದರಿ ತಂದುಕೊಡಿ,” ಎಂದರು. ಒಳ್ಳೆಯ ಮನುಷ್ಯ.

ಸರಿಯಾದ ಮಾದರಿ ಎಲ್ಲಿಂದ ತರುವುದು? ಎಲ್ಲರಿಗೂ ನಡೆದದ್ದನ್ನು ನಡೆದಂತೆ ಬರೆದು ತಿಳಿಸಿದೆ. ಬರೆಯುವಾಗ ಕೈ ನಡುಗಿತೆಂದು ಹೇಳಲು ನಾಚಿಕೆಯಿಲ್ಲ. ಮೂರನೆಯ ದಿನ ಬೆಳಗಾವಿಯವರು ಫೋನು ಮಾಡಿದರು. ಅವರ ತಂದೆ ಇಟ್ಟ ಬಿಡಿಭಾಗದ ಡಬ್ಬಿ ಅಟ್ಟದ ಮೇಲಿತ್ತು; ಅದರಲ್ಲಿ ಗ್ರೀಸು ಕಾಗದ ಸುತ್ತಿದ, ಎಂದೂ ಇಂಜಿನು ಕಾಣದ ಒಂದೇ ಒಂದು ಹೊಸ ಪಿಸ್ಟನ್ನು. “ನಾಕು ಬೇಕಾದಲ್ಲಿ ಒಂದಿಟಗೊಂಡು ಏನ್ ಮಾಡೂದ್ರಿ ಅಂತ ನಾ ಹೇಳಿದ್ದಿಲ್ಲ,” ಎಂದರು! ಈ ಸಲ ಅದು ಮೊದಲು ಸಂಭಾಜಿನಗರಕ್ಕೆ ಹೋಯಿತು. ಮಿಸ್ತ್ರಿಯವರು ಅದನ್ನು ಅಲ್ಲಿಯ ಸದಸ್ಯರ ಬಿಚ್ಚಿಟ್ಟ ಇಂಜಿನಿನಲ್ಲೇ ಕೂರಿಸಿ, ಅದರ ನೆತ್ತಿಯ ಮೇಲೆ ಮನೆಯಿಂದ ತರಿಸಿದ ಚಪಾತಿಯ ಕಣಕದ ಉಂಡೆ ಇಟ್ಟು, ಮೇಲಿನ ತಲೆ ಬಿಗಿದು ಕೈಯಿಂದ ತಿರುಗಿಸಿದರು. ಬಿಚ್ಚಿ ನೋಡಿದರೆ ಕಣಕ ಎಷ್ಟು ದಪ್ಪ ಉಳಿದಿದೆಯೋ ಅಷ್ಟು ಜಾಗ ಉಂಟೆಂದು ಅರ್ಥ. ಜಾಗವಿತ್ತು. ಹಾಳೆಯ ಮೇಲೆ ಅವರು, ರಾಯರು, ಸಂಭಾಜಿನಗರದ ಸದಸ್ಯರು ಮೂವರೂ ಸಹಿ ಹಾಕಿದ ಮೇಲೆ ನಾನು ಕಳಿಸಿದೆ.

ಪಂಚವಟಿಯವರಿಗೆ ಈಗ ನಮ್ಮ ಪಿಸ್ಟನ್ನು ಬೇಡ. ಸಂಕೋಚಪಡುತ್ತ ಹಣ ಮರಳಿ ಕೇಳಿದರು. ಕೇಳುವುದು ನ್ಯಾಯವೇ, ಆದರೆ ನಡುವೆ ಬಿಟ್ಟವರಿಗೆ ಏನು ಮಾಡಬೇಕೆಂದು ನಾನು ಬರೆದ ಕರಾರಿನಲ್ಲಿ ಒಂದು ಸಾಲೂ ಇರಲಿಲ್ಲ. ಮುಂದೆ ಇಂಥ ಕೆಲಸಕ್ಕೆ ಹೊರಡುವವರು ಆ ಸಾಲನ್ನು ಮೊದಲು ಬರೆದುಕೊಳ್ಳಲಿ. ಅವರಿಗೆ ಪೂರ್ತಿ 17,000 ಹಿಂದಿರುಗಿಸಿದೆವು. ಕಾರ್ಖಾನೆಗೆ ಹನ್ನೆರಡೇ ಸೆಟ್ಟು ಆಗಬೇಕು. ಅದೇ 2,04,000ವನ್ನು ಹನ್ನೊಂದು ಜನ ಹಂಚಿಕೊಂಡರೆ ತಲಾ 18,545 ರೂಪಾಯಿ. ಎಂದರೆ ಪ್ರತಿಯೊಬ್ಬರೂ ಇನ್ನೂ 1,545 ಕೊಡಬೇಕು. ಹತ್ತು ಜನ ವಾರದೊಳಗೆ ಕಳಿಸಿದರು. ಮೊದಲೇ ಕೊರೆಸಿ ಕುಳಿತ ಪುಣೆಯವರು, ಗುಮಾಸ್ತನ ತಪ್ಪಿಗೆ ತಾವು ದಂಡ ತೆರಬೇಕೆ ಎಂದು ಬರೆದು ಹದಿನೈದು ದಿನ ಸುಮ್ಮನಿದ್ದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಕೊನೆಗೆ ಅವರೂ ಕೊಟ್ಟರು. ಹನ್ನೊಂದು ಸಲ 18,545 ಎಂದರೆ 2,03,995. ಉಳಿದ ಐದು ರೂಪಾಯಿ ನನ್ನ ಜೇಬಿನಿಂದ. ಈ ವ್ಯವಹಾರದಲ್ಲಿ ನಾನು ಹೂಡಿದ ಬಂಡವಾಳ ಅಷ್ಟೇ ಎಂದು ಲೆಕ್ಕದ ಪುಸ್ತಕದಲ್ಲಿದೆ.

ಮೃಗಶಿರಾ ಮಳೆ ಹಿಡಿದ ಮೇಲೆ ಪೆಟ್ಟಿಗೆ ಬಂತು. ಒಂದೇ ಇಂಜಿನಿನ ನಾಲ್ಕು ಪಿಸ್ಟನ್ನುಗಳ ತೂಕ ಹೆಚ್ಚುಕಡಿಮೆ ಒಂದೇ ಇರಬೇಕು, ಇಲ್ಲವಾದರೆ ಇಂಜಿನು ನಡುಗುತ್ತದೆ. ನಲವತ್ತೆಂಟನ್ನೂ ಸರಾಫ್ ಬಜಾರಿನ ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಹೊತ್ತುಕೊಂಡು ಹೋದೆವು. ಚಿನ್ನದ ತಕ್ಕಡಿಯ ಮೇಲೆ ಒಂದೊಂದನ್ನೇ ಇಟ್ಟು ರಾಯರು ಕೂಗಿದರು, ನಾನು ಬರೆದೆ. ಒಂದು ಸೆಟ್ಟಿನಲ್ಲಿ ಮಾತ್ರ ಐದು ಗ್ರಾಂ ವ್ಯತ್ಯಾಸ ಕಂಡಿತು. ಅದೇ ಅಳತೆಯ ಬೇರೆ ಸೆಟ್ಟಿನಿಂದ ಒಂದನ್ನು ಅದಲುಬದಲು ಮಾಡಿ ಸರಿಪಡಿಸಿದೆವು. ಬಳೆ ಕೊಳ್ಳಲು ಬಂದಿದ್ದ ಹೆಂಗಸರು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು.

ರಾಯರ ಇಂಜಿನಿನ ಬ್ಲಾಕು ಟೆಂಪೊ ಏರಿ ಯೇವಲಾ, ವೈಜಾಪುರಗಳ ಮೇಲಿಂದ ಸಂಭಾಜಿನಗರಕ್ಕೆ ಹೋಯಿತು. ಅರವತ್ತು ಥೌ, ಅದೇ ಕೊನೆಯ ಕೊರೆತ. ಮಿಸ್ತ್ರಿಯವರು ನಾಲ್ಕು ಪಿಸ್ಟನ್ನನ್ನೂ ಅಳೆದು, ಒಂದೊಂದಕ್ಕೆ ಒಂದೊಂದು ಕೊಳವೆ ಎಂದು ಗುರುತು ಕೆತ್ತಿ ಕೊರೆದುಕೊಟ್ಟರು. ಗಣೇಶ ಚತುರ್ಥಿಗೆ ನಾಲ್ಕು ದಿನ ಮುಂಚೆ ಓಝರಿನಲ್ಲಿ ಇಂಜಿನು ಚಾಲೂ ಆಯಿತು. ಮೊದಲು ಕೆಮ್ಮಿತು, ಒಂದು ಸಲ ಬಿಳಿ ಹೊಗೆ ಬಿಟ್ಟಿತು, ಆಮೇಲೆ ಹೊಲಿಗೆಯ ಯಂತ್ರದ ಹಾಗೆ ನಿಧಾನವಾಗಿ ಸದ್ದು ಮಾಡತೊಡಗಿತು. ರಾಯರು ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ಸುಮಾರು ಹೊತ್ತು ನಿಂತಿದ್ದರು. ಮೊದಲ ಐನೂರು ಮೈಲಿ ಗಂಟೆಗೆ ಮೂವತ್ತು ಮೈಲಿ ಮೀರಬಾರದಂತೆ. ಅವರ ಕಾರಿನ ಗಡಿಯಾರ ಇಂದಿಗೂ ಮೈಲಿಯಲ್ಲೇ ತೋರಿಸುತ್ತದೆ. ಈ ಸಂಚಿಕೆಯ ಹೊತ್ತಿಗೆ ಇನ್ನೂರ ಹತ್ತು ಮೈಲಿ ಆಗಿದೆ. ವಿಂಟೇಜ್ ನೋಂದಣಿಗೆ ಕಾಗದ ಕೊಟ್ಟಿದ್ದಾರೆ. ಅದು ಬಂದರೆ ದಿನನಿತ್ಯದ ಓಡಾಟಕ್ಕೆ ಕಾರು ತೆಗೆಯುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿ ಇಷ್ಟಕ್ಕೇ. ಅದಕ್ಕೆ ಮುಂಚೆ ಐನೂರು ಮೈಲಿ ಮುಗಿಸಬೇಕೆಂದು ಪ್ರತಿದಿನ ಬೆಳಿಗ್ಗೆ ಹೊರಡುತ್ತಾರೆ.

ಪಂಚವಟಿಯವರು ತಮ್ಮ ಬೂದಿಬಟ್ಟಲನ್ನು ನನಗೇ ಕೊಟ್ಟರು. ಸಿಗರೇಟು ಸೇದದ ನಾನು ಅದನ್ನು ಕಚೇರಿಯ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡಿದ್ದೇನೆ. ಹನ್ನೆರಡನೆಯ ಸೆಟ್ಟು ಯಾರದೂ ಅಲ್ಲ, ಹನ್ನೊಂದು ಜನರದು. ಎಣ್ಣೆ ಸವರಿ, ಕಾಗದ ಸುತ್ತಿ ನಮ್ಮ ಮನೆಯ ಉಕ್ಕಿನ ಕಪಾಟಿನಲ್ಲಿದೆ. ಫೋರ್ಟೀನ್, ಹಳೆಯ ಲ್ಯಾಂಡ್‌ಮಾಸ್ಟರು, ಮೊದಲ ಕಾಲದ ಅಂಬಾಸಿಡರು ಯಾರ ಬಳಿಯಾದರೂ ಇದ್ದರೆ ಸಂಘದ ಕಾರ್ಯದರ್ಶಿಗಳ ಮೂಲಕ ತಿಳಿಸಬಹುದು. ಬರುವಾಗ ಬಾನೆಟ್ಟು ಎತ್ತಿ ತೆಗೆದ ಇಂಜಿನಿನ ಫೋಟೋ ಒಂದು ತರಬೇಕು. ಬೇಗ ಬಂದರೆ ಒಳ್ಳೆಯದು; ಚಳಿಗಾಲದ ರಜಾಯಿ ಇಡಲು ಆ ಕಪಾಟಿನ ಖಾನೆ ಬೇಕೆಂದು ಮನೆಯಲ್ಲಿ ತಗಾದೆ ನಡೆದಿದೆ.